ರಂಜಿತಳ ರಕ್ತ ರಂಜಿತಳದೇ

ಕೋಲಾರ
ಜೂನ್ ೧೪

ಅಮ್ಮಾ,

ನೀನು ಗಟ್ಟಿಯಾಗಿದ್ದೀಯ ಎಂದು ಗೊತ್ತು. ಹೋದ ವಾರ ಫೋನಿನಲ್ಲಿ ಬೈದ ದನಿಯೇ ಸಾಕ್ಷಿ. ಮತ್ತೆ ಫೋನ್ ಮಾಡುವುದಿಲ್ಲ. ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದ ಮನೆ ಭಾರತಮ್ಮ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಅವರ ಮೊಮ್ಮಗಳು ರಂಜಿತಳ ರಕ್ತಪರೀಕ್ಷೆಯಲ್ಲಿ ಏನು ಬಂತು ಎಂದು ನೀನು ಕೇಳಿದೆ. ಹೇಳುವುದಿಲ್ಲ. ಹೆತ್ತ ನಿನಗೂ ಹೇಳುವುದಿಲ್ಲ. ನರ್ಸ್ ಕೆಲಸವೆಂದರೆ ಸೂಜಿ ಚುಚ್ಚುವುದಷ್ಟೇ ಅಲ್ಲ, ಬಾಯಿ ಮುಚ್ಚಿಕೊಂಡಿರುವುದೂ ಹೌದು.

ರಂಜಿತಳ ಅಕ್ಕನ ಮಗುವಿಗೆ ಥಲಸ್ಸೀಮಿಯ, ತಿಂಗಳು ತಿಂಗಳು ರಕ್ತ ಏರಿಸಬೇಕು ಎಂಬುದು ನಮ್ಮೂರು ರಾಯಲ್ಪಾಡಿಗೆಲ್ಲ ಗೊತ್ತು. ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಅದರ ಅಂಶವಿದ್ದರೆ ಮಾತ್ರ ಮಗುವಿಗೆ ಆ ಕಾಯಿಲೆ ಬರಬಹುದು. ಆದರೆ ಊರು ಬೈದಿದ್ದು ತಾಯಿಯನ್ನು ಮಾತ್ರ! ಇದ್ಯಾವ ನ್ಯಾಯ? ಈಗ ರಂಜಿತಳನ್ನು ಅವಳ ಸೋದರಮಾವ, ಅಂದರೆ ತಮ್ಮ ಮಗ ಮುರಳಿಮೋಹನನಿಗೇ ಕೊಡಬೇಕೆಂದು ಭಾರತಮ್ಮನ ಹಟ. ಹುಡುಗಿ ಜಾಣೆ, ಮೊದಲೇ ಪರೀಕ್ಷೆಗೆ ಬಂದಳು. ನರ್ಸೇ ಬಾಯಿಬಿಟ್ಟರೆ ಯಾವ ಹುಡುಗಿಯ ಹಣೆಗೂ ಅದೇ ಪಟ್ಟಿ ಬೀಳಬಹುದು.

ಭಾರತಮ್ಮ ನನಗೆ ಒಂದು ಬುಟ್ಟಿ ಬಾದಾಮಿ ಮಾವು ಕಳಿಸಿ, ಹಿಂದೆಯೇ ತಾವೂ ಬಂದರು. "ಏಮಮ್ಮಾ ಸುನಂದಾ, ಹಣ್ಣು ತಿಂದ್ಯಲ್ಲ, ಈಗ ಬಾಯಿ ಬಿಡು" ಎಂದರು. ತಿಂದಿದ್ದು ವಾರ್ಡಿನ ಮಕ್ಕಳು, ಅವರನ್ನೇ ಕೇಳಿ ಎಂದೆ. ನಿಮ್ಮ ಮಗನನ್ನೂ ಪರೀಕ್ಷೆಗೆ ಕಳಿಸಿ ಎಂದಿದ್ದಕ್ಕೆ, "ಗಂಡಸಿಗ್ಯಾಕೆ? ನನ್ ಮಗ ಕಲ್ಲುಗುಂಡು" ಎಂದು ರೇಗಿದರು.

ಕಲ್ಲುಗುಂಡು ಮಾರನೇ ದಿನ ತಾನೇ ಬಂತು. ತರಕಾರಿ ಮಂಡಿಯಲ್ಲಿ ಟೊಮೆಟೊ ಬಾಕ್ಸುಗಳನ್ನು ಎರಡೆರಡು ಎತ್ತುವ ಆಸಾಮಿ ಸೂಜಿ ಕಂಡದ್ದೇ ದೊಪ್ಪನೆ ಬಿದ್ದ! ಇದನ್ನು ಅವನೇ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ನಗುತ್ತಿದ್ದಾನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ನಿನ್ನೆ ಡಾಕ್ಟರು ರಂಜಿತ, ಮುರಳಿ ಇಬ್ಬರನ್ನೇ ಕೂರಿಸಿಕೊಂಡು ವಿವರಿಸಿದರು. ಭಾರತಮ್ಮ ಬಾಗಿಲಿಗೆ ಕಿವಿ ಕೊಡದಂತೆ ನಾನು ಅಡ್ಡ ನಿಂತಿದ್ದೆ. ಮುಂದಿನದನ್ನು ಅವರಿಬ್ಬರೇ ವರಾಂಡದಲ್ಲಿ ಎಲ್ಲರೆದುರು ಹೇಳಿದರು. "ಅವ್ವಾ, ಮಾವ ನನಗೆ ಮಾವನಾಗೇ ಇರ್ಲಿ. ಮದ್ವೆ ಬೇಡ ಅಂತ ಇಬ್ರೂ ತೀರ್ಮಾನ ಮಾಡಿದ್ದೀವಿ" ಎಂದಳು ರಂಜಿತ ಅಜ್ಜಿಗೆ. ಯಾರ ರಕ್ತದಲ್ಲಿ ದೋಷ ಎಂದು ಭಾರತಮ್ಮ ಗುಡುಗಿದರು. "ದೋಷ ಅಲ್ಲಮ್ಮ ಅದು. ನನಗಿದೆ. ಅವಳದ್ದು ಅವಳನ್ನೇ ಕೇಳ್ಕೋ" ಎಂದ ಮುರಳಿ. "ಹೇಳಲ್ಲ ಹೋಗವ್ವಾ" ಎಂದು ರಂಜಿತ ನಕ್ಕಳು.

ಭಾರತಮ್ಮ ಬೆಂಚಿನ ಮೇಲೆ ಕುಸಿದು, ನನ್ನ ಮಗನಿಗೆ ಇನ್ಯಾರು ಹೆಣ್ಣು ಕೊಡ್ತಾರೆ ಎಂದರು. ಇಷ್ಟು ಕಾಲ ಹೆಣ್ಣು ಹೆತ್ತವರೇ ಅತ್ತುಕೊಂಡು ಕೇಳುತ್ತಿದ್ದಂಥ ಪ್ರಶ್ನೆ! ಅಂಶ ಮಾತ್ರ ಇದ್ದವರಿಗೆ ಕಾಯಿಲೆ ಇರುವುದಿಲ್ಲ, ಹುಡುಗಿಯೂ ಪರೀಕ್ಷೆ ಮಾಡಿಸಿಕೊಂಡು ಅವಳಲ್ಲಿ ಆ ಅಂಶ ಇಲ್ಲದಿದ್ದರೆ ಮುಗಿಯಿತು ಎಂದು ಸಮಾಧಾನ ಹೇಳಿ ಟೀ ಕುಡಿಸಿದೆ. ಪಾಪ, ಎರಡು ಲೋಟ ಕುಡಿದರು.

ಇನ್ನಾದರೂ ಕೋಪ ಬಿಡು.

ಇತಿ, ಬಾಯಿಬಡುಕಿಯಾದರೂ ಬಾಯಿ ಬಿಡದ ನಿನ್ನ ಮಗಳು,
ಸುನಂದ

ಮರೆತಿದ್ದೆ: ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನ್ನಲ್ಲೂ ಆ ಅಂಶ ಇದೆ. ಇದು ನನ್ನ ರಕ್ತ, ಹಾಗಾಗಿ ಹೇಳುತ್ತಿದ್ದೇನೆ. ಈ ಕಾಗದವನ್ನು ಭಾರತಮ್ಮನಿಗೆ ಜೋರಾಗಿ ಓದಿ ಹೇಳು. ಮುಂದಿನ ತಿಂಗಳು ನನ್ನನ್ನು ನೋಡಲು ಬರುವ ಶ್ರೀನಿವಾಸಪುರದ ಗಂಡಿಗೂ ತಿಳಿಸು: ಜಾತಕ ಮನೆಯಲ್ಲೇ ಇರಲಿ, ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಲಿ.