ದವಡೆಯ ತಪ್ಪಲ್ಲ

ಬಸ್ ನಿಲ್ದಾಣದ ಹಿಂದಿನ ಮನೆ,
ಮಾರ್ಚ್ ೧೪

ಮುದ್ದಿನ ತಮ್ಮಾ,

ಹೇಗಿದ್ದೀಯೋ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ವಾಸಿಯಾದವೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಹಸಿದರೆ ಹಡಗಿಗಿಂತ ಮೊದಲು ನೀನೇ ಹೊಗೆ ಬಿಡುತ್ತೀ. ನಾಲ್ಕು ತಿಂಗಳಿಂದ ನಾನು ಫೋನಿಗೆ ಬರಲಿಲ್ಲವೆಂದು, "ಅಕ್ಕನಿಗೆ ಸೊಕ್ಕು ಬಂದಿದೆ" ಅಂತ ನಿನ್ನ ಭಾವನ ಹತ್ತಿರ ಅಂದೆಯಂತೆ. ಸೊಕ್ಕಲ್ಲವೋ. ಮಾತಾಡುವ ಬಾಯಿಯೇ ಹೋಯಿತು. ನಿನಗೆ ಹೇಳಬೇಡಿ ಎಂದು ಅವರಿಗೆ ನಾನೇ ಬರೆದು ತೋರಿಸಿದ್ದೆ.

ಕಳೆದ ವರ್ಷ ಎಡದವಡೆ ಊದಿಕೊಂಡಿತು. ಹಲ್ಲಿನ ಡಾಕ್ಟರು "ಬೇರಲ್ಲಿ ಕೀವು ತುಂಬಿದೆ, ಅಷ್ಟೇ" ಎಂದು ಎರಡು ಹಲ್ಲು ಕಿತ್ತರು. ಊತ ಇಳಿಯಲಿಲ್ಲ. ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳ ಹೊತ್ತು ಕೂಗುವಾಗ ಮಾತು ಸೊಟ್ಟಾಗತೊಡಗಿತು. "ಏನಕ್ಕಾ, ಬಾಯಲ್ಲಿ ಗೋಲಿ ಇಟ್ಕೊಂಡು ಕೂಗ್ತೀರಾ?" ಎಂದು ಕಂಡಕ್ಟರುಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದು ನೋಡಿ, ಇದು ಮೂಳೆ ತಿನ್ನುವ ಗಡ್ಡೆ, ಬಿಟ್ಟರೆ ಮುಖಕ್ಕೆಲ್ಲ ಹಬ್ಬುತ್ತದೆ ಎಂದರು. ನಿನ್ನ ಭಾವ ಸಹಿ ಹಾಕಿದರು. ಕೆಳದವಡೆಯ ಎಡ ಅರ್ಧ ಕೊಯ್ದು ತೆಗೆದರು.

ಐದನೇ ವಾರ ಬಚ್ಚಲಿನ ಹೊಸ್ತಿಲು ಎಡವಿದ್ದಷ್ಟೇ, ತೊಡೆಯ ಮೂಳೆ ಒಣಕಡ್ಡಿಯಂತೆ ಮುರಿಯಿತು. ಮತ್ತೆ ದೊಡ್ಡಾಸ್ಪತ್ರೆಗೆ ಒಯ್ದಾಗ ಅಲ್ಲಿದ್ದ ಹೊಸ ಡಾಕ್ಟರಮ್ಮನಿಗೆ ಅನುಮಾನ ಬಂದು ರಕ್ತದ ಕ್ಯಾಲ್ಸಿಯಂ ನೋಡಿಸಿದರು. ಮಿತಿ ಮೀರಿತ್ತು. ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಗ್ರಂಥಿಗಳು ನಾಲ್ಕಿರುತ್ತವಂತೆ. ನನ್ನವುಗಳಲ್ಲಿ ಒಂದು ದ್ರಾಕ್ಷಿಯಷ್ಟು ಬೆಳೆದು, ಮೂಳೆಯ ಸತ್ವವನ್ನೆಲ್ಲ ಕರಗಿಸಿ ರಕ್ತಕ್ಕೆ ಸುರಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ದವಡೆಯ ಗಡ್ಡೆಯೂ ಅದರ ಫಲವೇ. "ಮೊದಲೇ ಆ ಗ್ರಂಥಿ ತೆಗೆದಿದ್ರೆ ದವಡೆ ತಾನಾಗೇ ಸರಿಹೋಗ್ತಿತ್ತೇನೋಮ್ಮಾ" ಎಂದು ಡಾಕ್ಟರಮ್ಮ ನೆಲ ನೋಡುತ್ತ ಹೇಳಿದರು.

ಈಗ ಅದನ್ನೂ ತೆಗೆದಿದ್ದಾರೆ. ಕಾಲು ಕೂಡಿಕೊಳ್ಳುತ್ತಿದೆ. ಮುಖ ಇನ್ನು ಕೂಡುವುದಿಲ್ಲ. ಎಲ್ಲವನ್ನೂ ಅರೆದು ನಳಿಕೆಯಲ್ಲಿ ಹೀರುತ್ತೇನೆ. ಅರ್ಧ ಬಾಯಿಂದ ಸೋರಿ ಕೊರಳಿಗೆ ಇಳಿಯುತ್ತದೆ. ಗಾಜಿನ ಗೂಡಿನಲ್ಲಿ ಈಗ ಯಾರದೋ ರೆಕಾರ್ಡ್ ಮಾಡಿದ ದನಿ ಬಸ್ಸುಗಳನ್ನು ಕೂಗುತ್ತದೆ. ಅದು ಕೇಳದಿರಲೆಂದು ಕಿಟಕಿ ಮುಚ್ಚಿಯೇ ಇಡುತ್ತೇನೆ.

ಆದರೆ ನನ್ನನ್ನು ಸುಡುತ್ತಿರುವುದು ಬೇರೆ. ಅಮ್ಮ "ಮೂಳೆ ಮೂಳೆ ನೋಯ್ತಿದೆ ಕಣ್ರೋ" ಎಂದು ಮಂಚ ಹಿಡಿದಾಗ ನಾವಿಬ್ಬರೂ ಅವಳಿಗೆ "ಅಯ್ಯೋ-ಅಮ್ಮ" ಎಂದು ಹೆಸರಿಟ್ಟಿದ್ದೆವಲ್ಲ. ಮೂತ್ರಪಿಂಡದ ಕಲ್ಲಿಗೆಂದು ಎರಡು ಸಲ ಆಸ್ಪತ್ರೆ ಸೇರಿದಳು. ಕೈ ಮುರಿದಾಗಲೂ "ಕೆಲಸ ತಪ್ಪಿಸೋಕೆ ನೆಪ" ಎಂದವಳು ನಾನೇ. ಅವಳ ಹಳೆಯ ಚೀಟಿಗಳನ್ನು ತಿರುವಿ ನೋಡಿದ ಡಾಕ್ಟರಮ್ಮ, ಅವಳಿಗೂ ಇದೇ ಇದ್ದಿರಬೇಕು ಎಂದರು. ಕ್ಷಮೆ ಕೇಳೋಣವೆಂದರೆ ಅವಳಿಲ್ಲ. ಕೇಳಲು ನನಗೆ ಬಾಯಿಲ್ಲ.

ನಿನ್ನ ಭಾವ ನಿನ್ನನ್ನು ನೆನೆಸಿಕೊಂಡಿದ್ದಾರೆ. ನೀನಾದರೂ ನೂರು ಕಾಲ ಗಟ್ಟಿಯಾಗಿ ಬಾಳು, ಕಂದಾ.

ನಿನ್ನ
ಅಕ್ಕ

ತಾ.ಕ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮದು ವಂಶದಲ್ಲೇ ಹರಿದು ಬರುವ ಬಗೆಯಂತೆ. ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ರಕ್ತ ಪರೀಕ್ಷೆ ಮಾಡಿಸು. ಅದಕ್ಕೆ ಮೊದಲು ಯಾರಿಗೂ ನಿನ್ನ ಹಲ್ಲು, ದವಡೆ ಮುಟ್ಟಲು ಬಿಡಬೇಡ. ನನ್ನ ಮಗಳ ವರದಿ ಬೆಳಿಗ್ಗೆ ಬಂತು. ಅವಳಿಗೂ ಕ್ಯಾಲ್ಸಿಯಂ ಜಾಸ್ತಿಯಿದೆ. ಹನ್ನೊಂದು ವರ್ಷದ ಮಗು ಕಣೋ. ಅವಳಿಗಿನ್ನೂ ಹೇಳಿಲ್ಲ, ಪಕ್ಕದ ಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದಾಳೆ.