ಹಸಿಯೋ ಬಿಸಿಯೋ

ಸಯನ್, ಮುಂಬಯಿ
೪ ಆಗಸ್ಟ್ ೨೦೨೫, ಸೋಮವಾರ

ಪ್ರೀತಿಯ ಅಮ್ಮಾ,

ತಿಂದವು! ಇವರ ರಕ್ತಕಣಗಳು ತಿಂದವು ಅಮ್ಮಾ, ಹೊಟ್ಟೆ ಬಿರಿಯೆ ತಿಂದವು, ನಿನ್ನ ಅಳಿಯನಿಗೆ ಯಾವ ಕಾಯಿಲೆಯೂ ಇಲ್ಲ! ಇದನ್ನು ಬರೆಯದೆ ನಿನ್ನ ಕ್ಷೇಮ ಕೇಳಲು ಕೈ ಓಡಲಿಲ್ಲ, ಈಗ ಕೇಳುತ್ತೇನೆ. ಮೊಣಕಾಲು ಹೇಗಿದೆ? ಅಪ್ಪನ ಕೆಮ್ಮು ಇಳಿಯಿತಾ? ನಾನು ಚೆನ್ನಾಗಿದ್ದೇನೆ, ಆದರೆ ಸುಸ್ತು. ಖುಷಿಯಲ್ಲಿ ಕುಣಿಯಬೇಕು ಅನ್ನಿಸುತ್ತದೆ, ಕಾಲು ಏಳುವುದಿಲ್ಲ. ಶನಿವಾರ ‘ಎಲ್ಲಾ ಓಕೆ’ ಅಂತ ಮೆಸೇಜ್ ಹಾಕಿದರೆ ನೀನು ನಂಬಲಿಲ್ಲ, ‘ನನ್ನ ಸಮಾಧಾನಕ್ಕೆ ಹೇಳ್ತಿ’ ಅಂದೆ. ಫೋನಿನಲ್ಲಿ ಬಿಡಿಸಿ ಹೇಳೋಣವೆಂದರೆ ಈ ಮನೆಯಲ್ಲಿ ಅಡುಗೆಮನೆಯ ಪಿಸುಮಾತು ಹಾಲ್‌ವರೆಗೆ ಕೇಳುತ್ತದೆ, ತುಳುವಿನಲ್ಲಾದರೆ ಅತ್ತೆಗೆ ಇನ್ನೂ ಚೆನ್ನಾಗಿ ಕೇಳುತ್ತದೆ. ಅದಕ್ಕೇ ಈ ಕಾಗದ. ಕಾಗುಣಿತ ನೋಡಿ ನಗಬೇಡ, ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದವಳು ನೀನೇ.

ನನ್ನ ಕೆಲಸ ಏನೆಂದು ನೀನು ಒಮ್ಮೆಯೂ ಸರಿಯಾಗಿ ಕೇಳಿಸಿಕೊಂಡಿಲ್ಲ, ಈ ಸಲ ತಪ್ಪಿಸಿಕೊಳ್ಳಲಾರೆ. ನಮ್ಮ ರಕ್ತದಲ್ಲಿರುವ ಬಿಳಿ ಕಣಗಳು ಮೈಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ನುಂಗಿ ಅರಗಿಸುತ್ತವೆ. ಎಷ್ಟು ಚುರುಕಾಗಿ ನುಂಗುತ್ತವೆ ಎಂದು ನೋಡುವುದು ನನ್ನ ಕೆಲಸ. ಜೀವಂತ ಬ್ಯಾಕ್ಟೀರಿಯಾ ಕೊಟ್ಟರೆ ಅವು ಬೆಳೆಯುತ್ತವೆ, ತಿರುಗಿ ಬೀಳುತ್ತವೆ, ಲೆಕ್ಕ ಸಿಗುವುದಿಲ್ಲ. ಅದಕ್ಕೆ ಮೊದಲೇ ಕೊಂದು ಒಣಗಿಸಿದ ಪುಡಿ ತರಿಸುತ್ತೇವೆ. ಅದಕ್ಕೊಂದು ಬಣ್ಣ ಅಂಟಿಸಿರುತ್ತಾರೆ. ಹೊರಗಿದ್ದಾಗ ಆ ಬಣ್ಣ ಕಾಣುವುದೇ ಇಲ್ಲ, ಕಣದ ಹೊಟ್ಟೆಯೊಳಗಿನ ಹುಳಿ ತಾಗಿದರೆ ಮಾತ್ರ ಕೆಂಪಗೆ ಹೊಳೆಯುತ್ತದೆ. ಎಷ್ಟು ಚಂದ ಗೊತ್ತಾ! ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ‘ಜೀವ ಇದ್ದರೆ ರೋಗ, ಸತ್ತಿದ್ದರೆ ಸೂತಕ. ಎರಡಕ್ಕೂ ಮಿಂದೇ ಒಳಗೆ ಬಾ ಮಾರಾಯ್ತಿ’ ಅಂದರು. ಪವಾಯಿಯ ಲ್ಯಾಬಿನಿಂದ ಬಸ್ಸು, ಲೋಕಲ್ ಎಲ್ಲ ಹತ್ತಿಳಿದು ಬಂದು ದಿನಾ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೇನೆ.

ಮದುವೆಗೆ ಮುಂಚೆ ಲಾವಣ್ಯಾ ಅಂತ ಜೊತೆಯವಳೊಬ್ಬಳು ರಕ್ತ ಕೊಡುತ್ತಿದ್ದಳು. ನೂರು ಕಣಗಳಲ್ಲಿ ಎಂಬತ್ತು ಕೆಂಪಗೆ ಹೊಳೆಯುತ್ತಿದ್ದವು. ಅವಳು ಪುಣೆಗೆ ಹೋದಳು. ಜೂನ್ ಕೊನೆಗೆ ನಿನ್ನ ಅಳಿಯ (ನೀನು ಗದರಿದ ಮೇಲೆ ‘ಇವರು’ ಅಂತಲೇ ಬರೆಯುತ್ತಿದ್ದೇನೆ, ನೋಡು) ಫಾರಂಗೆ ಸಹಿ ಹಾಕಿ ತಾವೇ ತೋಳು ಚಾಚಿದರು. ವಾರಕ್ಕೊಂದು ಸಲ ಮಾಟುಂಗದ ತಮ್ಮ ಹೋಟೆಲಿನ ಬೆಳಗಿನ ರಶ್ ಮುಗಿಸಿ ಬಂದು ರಕ್ತ ಕೊಟ್ಟು ಹೋಗುವುದು. ನೂರಕ್ಕೆ ಹತ್ತೂ ಹೊಳೆಯಲಿಲ್ಲ ಅಮ್ಮಾ. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ, ಐದು ವಾರ. ಕಣಗಳು ತಿನ್ನದ ಕಾಯಿಲೆಗಳಿವೆ, ಪುಸ್ತಕದಲ್ಲಿ ಅವುಗಳ ಹೆಸರನ್ನೆಲ್ಲ ಓದಿದ್ದೇನೆ, ಅದೇ ದೊಡ್ಡ ತಪ್ಪಾಯಿತು. ‘ನನ್ನ ಗಿರಾಕಿಗಳು ಇವತ್ತು ತಿಂದರಾ?’ ಅಂತ ಪ್ರತಿ ಸಂಜೆ ಕೇಳುವರು. ‘ತಿಂದರು, ತಿಂದರು’ ಅನ್ನುತ್ತಿದ್ದೆ. ಸೀನಿದರೆ ಹಣೆ ಮುಟ್ಟಿ ನೋಡುತ್ತಿದ್ದೆ, ಬೆರಳು ಕೊಯ್ದುಕೊಂಡರೆ ಮೂರು ಹೊತ್ತು ಗಾಯ ಬಿಚ್ಚಿ ನೋಡುತ್ತಿದ್ದೆ. ‘ಸ್ಯಾಂಪಲ್ ನೋಡಿದ ಹಾಗೆ ನೋಡ್ತಿಯಲ್ಲ ನನ್ನನ್ನು, ಮದುವೆಯಾದದ್ದು ಬೇಜಾರಾ?’ ಅಂತ ಒಂದು ದಿನ ಕೇಳಿಯೇಬಿಟ್ಟರು. ಆವತ್ತೇ ನಾನು ತಡೆಯಲಾರದೆ ಸ್ಟೇಷನ್ ಪ್ಲಾಟ್‌ಫಾರ್ಮಿನಿಂದ ನಿನಗೆ ಫೋನ್ ಮಾಡಿದ್ದು.

ಕಳೆದ ವಾರ ಸಾಕಾಗಿ, ಇವರ ರಕ್ತದ ಜೊತೆಗೆ ಶರಣು ಅವರದ್ದನ್ನೂ ಇಟ್ಟೆ. ಶರಣು ಕಲಬುರ್ಗಿಯವರು, ನಮ್ಮ ಲ್ಯಾಬಿನಲ್ಲಿ ಕನ್ನಡ ಓದಬಲ್ಲ ಇನ್ನೊಬ್ಬರು ಅವರೊಬ್ಬರೇ, ಕಬಡ್ಡಿ ಆಡುವ ಗಟ್ಟಿ ಆಳು. ಅವರ ಕಣಗಳೂ ತಿನ್ನಲಿಲ್ಲ! ಎಂದರೆ ತಪ್ಪು ರಕ್ತದ್ದಲ್ಲ, ಬಡಿಸಿದವಳದ್ದು. ಆ ಸತ್ತ ಪುಡಿಯನ್ನು ಹಾಗೇ ಹಾಕಿದರೆ ಕಣಗಳು ಮೂಸಿಯೂ ನೋಡುವುದಿಲ್ಲ. ರಕ್ತದ ತಿಳಿಯಲ್ಲಿ, ಸೀರಂ ಅನ್ನುತ್ತಾರೆ, ಅದರಲ್ಲಿ ನೆನೆಸಿ ಹಾಕಬೇಕು. ಒಗ್ಗರಣೆ ಅಂದುಕೋ. ಅದು ಹಸಿಯಾಗಿಯೇ ಇರಬೇಕು, ಕಾಯಿಸಿದರೆ ಗುಣ ಹೋಗುತ್ತದೆ. ಬೇರೆ ಕೆಲಸಕ್ಕೆ ಕಾಯಿಸಿದ್ದೂ ಬೇಕು, ಎರಡೂ ಒಂದೇ ಫ್ರೀಜರಿನಲ್ಲಿರುತ್ತವೆ. ಯಾರೂ ಎತ್ತಿಕೊಂಡು ಹೋಗದಿರಲಿ ಎಂದು ನಾನು ಜಾಣೆ ಕನ್ನಡದಲ್ಲಿ ‘ಹಸಿ’, ‘ಬಿಸಿ’ ಅಂತ ಬರೆದಿಟ್ಟಿದ್ದೆ. ದಿನಾ ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಮೊದಲ ಅಕ್ಷರ ಅಳಿಸಿಹೋಗಿತ್ತು. ಶರಣು ಟ್ಯೂಬು ಎತ್ತಿ ಹಿಡಿದು, ‘ಅಕ್ಕಾರ, ಬರೇ ಸಿ ಅದಲ್ರೀ ಇದರ ಮ್ಯಾಲ. ಹಸೀನೋ, ಬಿಸೀನೋ?’ ಅಂದರು. ನಾನು ಅದನ್ನು ಹಸಿ ಅಂದುಕೊಂಡೇ ಎತ್ತಿಕೊಳ್ಳುತ್ತಿದ್ದೆ. ಐದು ವಾರ ‘ಬಿಸಿ’ಯನ್ನೇ ಬಡಿಸುತ್ತಿದ್ದೆ! ಶನಿವಾರ ಹೊಸ ಸೀರಂ ಹಾಕಿದೆ. ಇವರದ್ದು ನೂರಕ್ಕೆ ಎಂಬತ್ತೊಂದು. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟುಕೊಂಡು, ಎಲ್ಲ ಕೆಂಪು ಕೆಂಪಾಗಿ ಕಾಣುವಾಗ, ಅತ್ತುಬಿಟ್ಟೆ. ಐದು ವಾರದ ಕೆಲಸ ಹಾಳು, ಪ್ರೊಫೆಸರ್ ಎಲ್ಲ ಮೊದಲಿನಿಂದ ಮಾಡು ಅಂದಿದ್ದಾರೆ. ಮಾಡುತ್ತೇನೆ. ಮೊದಲು ಎರಡು ದಿನ ನಿನ್ನ ಹತ್ತಿರ ಮಲಗಬೇಕು.

ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಬರಬೇಕು, ನಾನು ಬರಲಿಲ್ಲ ಅಂತ ನಿನಗೆ ನೋವಾದದ್ದು ಗೊತ್ತು. ಆಟಿ ಇನ್ನೂ ಮುಗಿದಿಲ್ಲವಲ್ಲ. ಅಪ್ಪನಿಗೆ ನಮಸ್ಕಾರ, ಕೆಮ್ಮು ಇರುವಾಗ ಹಿತ್ತಲಿಗೆ ಇಳಿಯಬಾರದು ಅಂತ ನನ್ನ ಆರ್ಡರ್. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮುದ್ದಿನ
ಪ್ರಣೀತಾ

ಮರೆತೆ. ಇಲ್ಲ, ಮರೆತಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಲೇಬಲಿನ ಕಥೆ ಇವರಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ, ‘ಐದು ವಾರ ನನಗೆ ಕಾಯಿಲೆ ಅಂತ ತಿಳಿದುಕೊಂಡಿದ್ದಿಯಾ? ನನಗೆ ಹೇಳದೆ ಬೇರೆ ಯಾರಿಗೆ ಹೇಳಿದಿ?’ ಅಂತ ಕೇಳಿದರು. ಯಾರಿಗೂ ಇಲ್ಲ ಅಂದುಬಿಟ್ಟೆ ಅಮ್ಮಾ. ‘ಮಗುವಿನ ಯೋಚನೆ ಸದ್ಯಕ್ಕೆ ಬೇಡ’ ಅಂತ ನೀನು ಫೋನಿನಲ್ಲಿ ಅಂದ ಮಾತು ನೆನಪಾಗಿ ಬಾಯಿಗೆ ಸುಳ್ಳು ಬಂತು. ಇನ್ನು ತಡೆದುಕೊಳ್ಳಲಾರೆ, ದಾರಿಯಲ್ಲಿ ನಿಜ ಹೇಳಿಬಿಡುತ್ತೇನೆ. ಹೌದು, ಇವರೂ ಬರುತ್ತಾರೆ. ಆಟಿಯಲ್ಲಿ ಹುಡುಗಿ ಒಬ್ಬಳೇ ಬರುವುದು ಕ್ರಮ ಅಂದರೂ ಕೇಳಲಿಲ್ಲ. ನೀನೂ ಸುಳ್ಳು ಹೇಳಬೇಡ. ಮಗುವಿನ ಮಾತನ್ನು ಮಾತ್ರ ನಾನು ಹೇಳುವುದಿಲ್ಲ, ಅದನ್ನು ಇವರ ಎದುರು ಕೂತು ನೀನೇ ಹಿಂತೆಗೆದುಕೊಳ್ಳಬೇಕು. ಶನಿವಾರ ಹೊರಡುವ ಮತ್ಸ್ಯಗಂಧ ರೈಲು, ಭಾನುವಾರ ಬೆಳಿಗ್ಗೆ ಉಡುಪಿ.