ದಳಪತಿಯ ಕತ್ತಿ

ತಮ್ಮಾ,

ಕಿರುಚೋ ಮೊದಲು ಪೂರ್ತಿ ಓದು. ಆಸ್ಪತ್ರೆಗೆ ಹೊರಟಿದ್ದೀನಿ, ಅಪ್ಪನನ್ನ ಇವತ್ತು ಮನೆಗೆ ಕಳಿಸ್ತಾರೆ.

ನೀನೂ ಅಪ್ಪನೂ ದಾಳ ಹಾಕಿ ಯುದ್ಧ ಆಡೋ ಆ ಪ್ಲಾಸ್ಟಿಕ್ ಗೊಂಬೆಗಳ ಸೈನ್ಯವನ್ನ ಯಾರೂ ಮುಟ್ಟಬಾರದು ಅಂತ ಗೊತ್ತು. ಮುಟ್ಟಿದ್ದೀನಿ. ನೀನು ಅಂಟಿಸಿದ ಕುದುರೆಗಳೆಲ್ಲ ಕಾಲು ಕಳಚಿ ಬಿದ್ದಿದ್ವು. ಗೊಂಬೆಗಳ ಬಿಡಿಭಾಗಗಳನ್ನ ಒಂದೊಂದಾಗಿ ಕತ್ತರಿಸ್ತಾ ದಿನಗಟ್ಟಲೆ ಕೂತವನಿಗೆ ಅಂಟು ಒಣಗೋಕೆ ಬಿಡೋಕಾಗಲ್ವಾ? ಬೇಯೋತನಕ ಇದ್ದೋನು ಆರೋತನಕ ಇರಬಾರದಾ? ನನ್ನ ಗತಿಯೂ ಅಷ್ಟೇ. ಆ ಹಾಳು ಅಂಟು ಕುದುರೆ ಕಾಲು ಬಿಟ್ಟು ನನ್ನ ಬೆರಳು ಹಿಡ್ಕೊಳ್ತು. ಅಪ್ಪನ ದಳಪತಿಯ ಗಡ್ಡದ ಮೇಲೆ ನನ್ನ ಬೆರಳಚ್ಚಿದೆ, ಉಜ್ಜಬೇಡ.

ಟ್ಯೂಬಿಗೆ ಮುಚ್ಚಳ ಹಾಕು. ಮೇಜು ಕಿಟಕಿ ಹತ್ರ ಎಳಿ, ಅಪ್ಪನ ಕುರ್ಚಿಗೆ ದಿಂಬು ಇಡು. ಅವರನ್ನ ನೋಡಿ ಬಾಗಿಲಲ್ಲಿ ಅಳಬೇಡ, ಅಳೋದಿದ್ರೆ ಈಗಲೇ ಅತ್ತು ಮುಗಿಸು.

ದಳಪತಿಯ ಕತ್ತಿಯನ್ನ ಎಡಗೈಗೆ ಅಂಟಿಸಿದ್ದೀನಿ. ಕೈತಪ್ಪಿ ಆಗಿದ್ದಲ್ಲ, ಕಿತ್ತು ಬಲಗೈಗೆ ಹಾಕಬೇಡ. ಅಪ್ಪನ ಬಲಗೈಗೆ ಶಕ್ತಿ ಬರುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಅಲ್ಲೀತನಕ ಎಡಗೈಯಲ್ಲೇ ದಾಳ ಹಾಕ್ಲಿ.

ಮತ್ತೆ, ಬೇಕಂತ ಸೋಲಬೇಡ. ಅವರಿಗೆ ಗೊತ್ತಾಗುತ್ತೆ.

ಅಕ್ಕ